ಹಳೆ ದಾವಣಗೆರೆ ನಮಗೆ ಈಗ ಯಾಕಿಷ್ಟು ಬೇಕಾಗಿದೆ?

ದಾವಣಗೆರೆ ಕಡೆಯವರ ಯಾವ ವಾಟ್ಸಾಪ್ ಗ್ರೂಪ್ ಆದರೂ ಸರಿ, ರಾತ್ರಿ ಊಟದ ಹೊತ್ತು ದಾಟಿದ ಮೇಲೆ ಅಲ್ಲಿ ಓಡುವ ಮಾತು ಹೆಚ್ಚುಕಮ್ಮಿ ಒಂದೇ. ಗಡಿಯಾರ ಕಂಬದ ಹಳೆ ಫೋಟೊ ಒಂದು ಬೀಳುತ್ತದೆ. ಯಾರೋ ಗೀತಾಂಜಲಿ ಟಾಕೀಸಿನ ಕ್ಯೂ ನೆನೆಯುತ್ತಾರೆ. ಇನ್ಯಾರೋ ಮಂಡಕ್ಕಿ ಮೆಣಸಿನಕಾಯಿಯ ಆಗಿನ ರೇಟು ಹೇಳುತ್ತಾರೆ. ಕೊನೆಗೆ ಒಬ್ಬರು 'ಆ ದಿನಗಳೇ ಬೇರೆ ಬಿಡ್ರಿ' ಅಂತ ಬರೆಯುತ್ತಾರೆ. ಅಷ್ಟಕ್ಕೇ ಮುಗಿಯಬೇಕಿತ್ತು, ಆದರೆ ಆ ಒಂದು ಸಾಲಿನಿಂದಲೇ ಮಾತು ಮತ್ತೆ ಶುರುವಾಗುತ್ತದೆ.

ಇದರಲ್ಲಿ ವಿಚಿತ್ರ ಏನೆಂದರೆ, ಹೀಗೆ ಬರೆಯುವವರೆಲ್ಲ ಊರು ಬಿಟ್ಟು ಬೆಂಗಳೂರಿಗೆ ಹೋದವರಲ್ಲ. ವಿದ್ಯಾನಗರದಲ್ಲಿ, ಎಂಸಿಸಿ ಬಿ ಬ್ಲಾಕಿನಲ್ಲಿ, ಶಾಮನೂರು ರಸ್ತೆಯಲ್ಲಿ ಮನೆ ಇರುವವರೂ ಇದ್ದಾರೆ. ಬೇಕೆಂದರೆ ಹತ್ತು ನಿಮಿಷದಲ್ಲಿ ಗಡಿಯಾರ ಕಂಬದ ಕೆಳಗೆ ಹೋಗಿ ನಿಲ್ಲಬಹುದು. ಆದರೂ ದಾವಣಗೆರೆಯಲ್ಲೇ ಕೂತು ದಾವಣಗೆರೆಗಾಗಿ ಹಂಬಲಿಸುತ್ತಾರೆ. ಹಾಗಾಗಿ 'ಊರಿನಿಂದ ದೂರ ಇದ್ದಾರೆ, ಅದಕ್ಕೇ ನೆನಪಾಗುತ್ತೆ' ಅನ್ನುವ ಸುಲಭದ ಉತ್ತರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಎಐ ಬಿಡಿಸಿದ ಚಿತ್ರಗಳು. ಹೆಂಚಿನ ಮನೆ, ಹೊರಗೆ ಸಣ್ಣ ಮಳೆ, ಜಗಲಿಯ ಮೇಲೆ ಅಜ್ಜಿ, ಪಕ್ಕದಲ್ಲಿ ಲಾಟೀನು. ಕೆಳಗೆ ಸಾವಿರಾರು ಲೈಕು, 'ನಮ್ಮನೆ ಹೀಗೇ ಇತ್ತು' ಅನ್ನುವ ಕಾಮೆಂಟು. ನಮ್ಮ ಕಡೆ ಎಷ್ಟೋ ಮನೆಗಳು ಮಾಳಿಗೆ ಮನೆಗಳು, ಮೇಲೆ ಮಣ್ಣು. ಮಳೆ ಬಂದರೆ ಸೋರುವ ಜಾಗಕ್ಕೆಲ್ಲ ಪಾತ್ರೆ ಇಡಬೇಕಿತ್ತು. ಆ ಚಿತ್ರದ ಮನೆ ಯಾರದೂ ಅಲ್ಲ. ಆದರೂ ನೋಡಿದ ತಕ್ಷಣ ಎದೆ ಸ್ವಲ್ಪ ಹಗುರಾಗುತ್ತದೆ, ಅದು ಸುಳ್ಳಲ್ಲ. ಯಾಕೆ ಹಗುರಾಗುತ್ತದೆ, ಅದರಿಂದ ಲಾಭ ಎಷ್ಟು, ಎಲ್ಲಿ ಅದು ನಮ್ಮನ್ನು ಏಮಾರಿಸುತ್ತದೆ ಅನ್ನುವುದೇ ಈ ಲೇಖನದ ವಿಷಯ.

ಒಂದು ಕಾಲದಲ್ಲಿ ಇದು ರೋಗ

ಹಳೆಯದಕ್ಕೆ ಹಂಬಲಿಸುವುದನ್ನು ವೈದ್ಯರು ಮೊದಲು ರೋಗ ಅಂತಲೇ ಬರೆದಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದರ ಮೇಲೆ ಪ್ರಬಂಧ ಬರೆದ. ಊರು ಬಿಟ್ಟು ಬಂದವರಿಗೆ ಊಟ ಸೇರದು, ನಿದ್ದೆ ಬಾರದು, ಜ್ವರ ಬರುತ್ತದೆ, ಸಾಯುವುದೂ ಉಂಟು ಅಂತ ಅವನ ಲೆಕ್ಕ. ಬೇರೆ ರಾಜರ ಪಡೆಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಸ್ವಿಸ್ ಸೈನಿಕರಲ್ಲಿ ಇದು ಜಾಸ್ತಿ ಅಂತ ಮುಂದೆ ಹೆಸರಾಯಿತು. ಅಲ್ಲಿನ ದನಗಾಹಿ ಹಾಡು ಕೇಳಿದರೆ ಸೈನಿಕರು ಊರಿಗೆ ಓಡಿಹೋಗುತ್ತಾರೆ ಅಂತ ಅದನ್ನು ಹಾಡದಂತೆ ತಡೆದಿದ್ದರು ಅನ್ನುವ ಕಥೆಯೂ ಇದೆ. ಬೆಟ್ಟದ ದನಗಳ ಕೊರಳಗಂಟೆ ಸದಾ ಕೇಳಿ ಕೇಳಿ ಇವರ ತಲೆ ಕೆಟ್ಟಿದೆ ಅಂದ ವೈದ್ಯರೂ ಇದ್ದರು. ನಗು ಬರುತ್ತೆ, ಅಲ್ವಾ? ಆದರೆ ಆಗಲೂ ಒಂದು ವಿಷಯ ಸರಿಯಾಗಿಯೇ ಗುರುತಿಸಿದ್ದರು. ಕೂಲಿಗೆ ಸಿಕ್ಕಿಬಿದ್ದು, ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲದವನಿಗೆ ಈ ಹಂಬಲ ಜೋರು.

ರೋಗ ಅನ್ನುವ ಮಾತು ಪೂರ್ತಿ ತಿರುಗಿದ್ದು ತೀರಾ ಈಚೆಗೆ. ಕಾನ್‌ಸ್ಟಂಟಿನ್ ಸೆಡಿಕಿಡೆಸ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ನಾರ್ತ್ ಕೆರೊಲಿನಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಕೆಲಸಕ್ಕೆ ಬಂದಿದ್ದರು. ಹಳೆ ಊರು, ಹಳೆ ಸ್ನೇಹಿತರು ಆಗಾಗ ನೆನಪಾಗುತ್ತಾರೆ ಅಂತ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರಿಗೆ ಹೇಳಿದರು. ಅವರು 'ನಿಮಗೆ ಖಿನ್ನತೆ ಇರಬೇಕು' ಅಂದುಬಿಟ್ಟರು. ಇವರಿಗೆ ಹಾಗನ್ನಿಸಲಿಲ್ಲ. ನೆನಪಾದಾಗ ತನಗೆ ಖುಷಿಯೇ ಆಗುತ್ತೆ, ಬೇರು ಸಿಕ್ಕ ಹಾಗೆ ಆಗುತ್ತೆ ಅಂದರು. ಅಲ್ಲಿಂದ ಶುರುವಾದ ಸಂಶೋಧನೆ ಇವತ್ತಿಗೂ ನಡೆದಿದೆ. 2006ರಲ್ಲಿ ಟಿಮ್ ವೈಲ್ಡ್‌ಷುಟ್ ಜೊತೆ ಸೇರಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿ ಮುಖ್ಯ. ಜನರಿಗೆ ಹಳೆಯದು ನೆನಪಾಗುವುದು ಹೆಚ್ಚಾಗಿ ಬೇಸರದಲ್ಲಿ, ಅದರಲ್ಲೂ ಒಂಟಿ ಅನ್ನಿಸಿದಾಗ. ನೆನೆದ ಮೇಲೆ 'ನನಗೂ ಜನ ಇದ್ದಾರೆ' ಅನ್ನುವ ಭಾವ ಏರುತ್ತದೆ. ಚೀನಾದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ತಂಪು ಕೋಣೆಯಲ್ಲಿ ಕೂತವರು ಹಳೆಯದನ್ನು ಹೆಚ್ಚು ನೆನೆದರು, ನೆನೆದವರಿಗೆ ಕೋಣೆ ಸ್ವಲ್ಪ ಬೆಚ್ಚಗೆ ಅನ್ನಿಸಿತು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಖುಷಿ. ರೀಲ್ಸ್ ಮಾಡುವವರಂತೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. 2020ರಲ್ಲಿ ಡೇವಿಡ್ ನ್ಯೂಮನ್ ಮತ್ತು ಜೊತೆಗಾರರು ಜನರ ದಿನನಿತ್ಯದ ಬದುಕಿನಲ್ಲಿ ಇದನ್ನು ಅಳೆದು ನೋಡಿದರು. ಪ್ರಯೋಗಾಲಯದಲ್ಲಿ 'ನಿಮ್ಮ ಒಂದು ಒಳ್ಳೆ ನೆನಪು ಬರೆಯಿರಿ' ಅಂತ ಕೂರಿಸಿದರೆ ಮನಸ್ಸು ಅರಳುತ್ತದೆ ನಿಜ. ದಿನದ ಮಧ್ಯೆ ತಾನಾಗಿ ನುಗ್ಗಿ ಬರುವ ನೆನಪು ಹಾಗಲ್ಲ. ಅದರ ಜೊತೆ ಬೇಸರವೇ ಜಾಸ್ತಿ ಕಂಡಿತು. ಅದಕ್ಕೂ ಮೊದಲು, 2012ರಲ್ಲಿ ಬಾಸ್ ವರ್‌ಪ್ಲಾಂಕನ್ ಇನ್ನೊಂದು ಸಂಗತಿ ತೋರಿಸಿದ್ದರು. ಸದಾ ಚಿಂತೆ ಮಾಡುವ ಸ್ವಭಾವದವರಿಗೆ ಹಳೆ ನೆನಪು ಮೊದಲು ಹಿತ ಕೊಡುತ್ತದೆ, ಆಮೇಲೆ ಆತಂಕ ಹೆಚ್ಚಿಸುತ್ತದೆ. ನಿಶ್ಚಿಂತೆಯಿಂದ ಇದ್ದ ಕಾಲ ಕಣ್ಣೆದುರು ಬಂದಾಗ ಈಗಿನದು ಇನ್ನೂ ಭಾರ ಅನ್ನಿಸುತ್ತದೆ, ಅಷ್ಟೇ.

ಅಂದರೆ ಯಾರು, ಯಾವಾಗ, ಹೇಗೆ ನೆನೆಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾಲ್ಕು ಜನ ಕೂತು ಬೇಕೆಂದೇ ಹಳೆ ಕಥೆ ತೆಗೆದು ನಗುವುದು ಒಂದು. ನಿದ್ದೆ ಬಾರದ ಹೊತ್ತಲ್ಲಿ ಫೋನ್ ತಾನಾಗಿ 'ಏಳು ವರ್ಷದ ಹಿಂದೆ ಈ ದಿನ' ಅಂತ ಫೋಟೊ ಎದುರಿಗಿಡುವುದು ಬೇರೆಯೇ. ನೆನಪು ಯಾವಾಗ ಬರಬೇಕು ಅನ್ನುವುದನ್ನು ಕೂಡ ಈಗ ಆಪ್ ತೀರ್ಮಾನಿಸುತ್ತಿದೆ. ನಾವು ಹಗುರಾಗಲಿ ಅಂತ ಅದು ಫೋಟೊ ತೋರಿಸುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಪರದೆ ನೋಡಲಿ ಅಂತ ತೋರಿಸುತ್ತದೆ.

ಗೇಟು ಬಿದ್ದಾಗ ಬೈದವರೇ ಈಗ ನೆನೆಯುತ್ತಾರೆ

ನೆನಪು ಹಳೆಯದನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ. ಕೆಟ್ಟ ಘಟನೆಯ ಕಹಿ ಒಳ್ಳೆ ಘಟನೆಯ ಸಿಹಿಗಿಂತ ಬೇಗ ಆರುತ್ತದೆ ಅಂತ ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅದಕ್ಕೆ ಅಶೋಕ ರೈಲ್ವೆ ಗೇಟಿಗಿಂತ ಒಳ್ಳೆ ಉದಾಹರಣೆ ದಾವಣಗೆರೆಯಲ್ಲಿ ಸಿಗುವುದಿಲ್ಲ. ಊರಿನ ನಡುವೆ ಹಳಿ, ಹಳಿಗೆ ಗೇಟು. ಗೇಟು ಬಿದ್ದರೆ ಎರಡೂ ಕಡೆ ಸ್ಕೂಟರು, ಆಟೊ, ಬಸ್ಸು, ಕಾಲೇಜಿಗೆ ತಡವಾದ ಹುಡುಗರು. ಆಗ ಆ ಗೇಟಿಗೆ ಬಿದ್ದ ಬೈಗುಳ ಬರೆದರೆ ಪೇಪರಿನಲ್ಲಿ ಹಾಕಲಿಕ್ಕಾಗದು. ಈಗ ಅದೇ ಗೇಟನ್ನು ನೆನೆದು 'ಗೇಟು ಬಿದ್ದಾಗಲೇ ಅಲ್ವೇನೋ ನಾವು ಮಾತಾಡ್ತಿದ್ದದ್ದು' ಅನ್ನುವವರಿದ್ದಾರೆ. ಬೈಗುಳದ ಬಿಸಿ ಆರಿದೆ, ಜೊತೆಗಿದ್ದವರ ಮುಖ ಮಾತ್ರ ಉಳಿದಿದೆ.

ಇನ್ನೊಂದು, ವಯಸ್ಸು. ಸುಮಾರು ಹತ್ತರಿಂದ ಮೂವತ್ತರ ನಡುವಿನ ನೆನಪುಗಳೇ ಮನುಷ್ಯನಿಗೆ ಹೆಚ್ಚು ದಟ್ಟವಾಗಿ ಉಳಿಯುತ್ತವೆ. ಮೊದಲ ಸೈಕಲ್ಲು, ಮೊದಲ ಸಂಬಳ, ಮೊದಲ ಪ್ರೀತಿ ಎಲ್ಲ ಅಲ್ಲೇ ಬರುತ್ತವೆ. ಅದಕ್ಕೇ ಪ್ರತಿಯೊಬ್ಬರ 'ಒಳ್ಳೆ ಕಾಲ'ವೂ ಅವರವರ ಹರೆಯದಲ್ಲೇ ಬಂದು ಕೂತಿರುತ್ತದೆ. ಎಪ್ಪತ್ತು ದಾಟಿದವರಿಗೆ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಕಾಲ ಚಿನ್ನದ ಕಾಲ. ಐವತ್ತರವರಿಗೆ ಟಾಕೀಸುಗಳ ಕಾಲ. ಮೂವತ್ತೈದರವರು ಆಗಲೇ ಸೈಬರ್ ಕೆಫೆ ನೆನೆದು ನಿಟ್ಟುಸಿರು ಬಿಡುತ್ತಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಈಗ ನೀಟ್ ಕೋಚಿಂಗಿನಲ್ಲಿ ನರಳುವ ಮಕ್ಕಳೂ ಪಿಜಿಯ ಉಪ್ಪಿಲ್ಲದ ಸಾರನ್ನು ಪ್ರೀತಿಯಿಂದ ನೆನೆಯುತ್ತಾರೋ ಏನೋ. ಆಶ್ಚರ್ಯ ಇಲ್ಲ.

ಬೆಣ್ಣೆ ದೋಸೆಯದೂ ಇದೇ ಕಥೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಈಗಿನ ವಸಂತ ಟಾಕೀಸ್ ಹತ್ತಿರ, ನಾಟಕ ನೋಡಲು ಬರುವವರಿಗೆ ದೋಸೆ ಹಾಕಲು ಶುರು ಮಾಡಿದರು ಅಂತ ಊರಲ್ಲಿ ಹೇಳುತ್ತಾರೆ. ಮೊದಲು ರಾಗಿ ದೋಸೆಯಂತೆ, ಅಕ್ಕಿ ಬಂದಿದ್ದು ಆಮೇಲಂತೆ. ಅಂದರೆ ನಾವು 'ಅಪ್ಪಟ ಹಳೆಯದು' ಅನ್ನುವ ರುಚಿ ಆ ಕಾಲಕ್ಕೆ ಹೊಸ ಪ್ರಯೋಗ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ಹುಟ್ಟಿಸಿದ್ದು. ಇವತ್ತು ಬೆಂಗಳೂರಿನ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು ಇದೆ. ಅಲ್ಲಿ ತಟ್ಟೆಗೆ ಬೀಳುವುದು ದೋಸೆ, ಬಿಲ್ಲಿಗೆ ಬೀಳುವುದು ನೆನಪು ಕೂಡ. ತಿನ್ನುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ, ನಾನೂ ತಿನ್ನುತ್ತೇನೆ. ಆದರೆ ದೋಸೆಗೆ ಕ್ಯೂ ನಿಂತವರು ಪದೇ ಪದೇ ವಾಚು ನೋಡಿಕೊಳ್ಳುವುದನ್ನು ಕಂಡಾಗ, ಇವರು ಹುಡುಕಿ ಬಂದದ್ದು ಇಲ್ಲಿ ಸಿಗುವುದಿಲ್ಲ ಅನ್ನಿಸುತ್ತದೆ.

ಸೈರನ್ ಹೇಳುತ್ತಿದ್ದದ್ದು ಏನು

ಹಾಗಾದರೆ ಹುಡುಕುವುದು ಏನನ್ನು? ಇದಕ್ಕೆ ಉತ್ತರ ಮಿಲ್ಲಿನ ಸೈರನ್ನಿನಲ್ಲಿದೆ ಅಂತ ನನ್ನ ಅನಿಸಿಕೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದದ್ದು ಹತ್ತಿ ಗಿರಣಿಗಳಿಂದ. ದಿನಕ್ಕೆ ಮೂರು ಪಾಳಿ. ಪಾಳಿ ಬದಲಾಗುವಾಗ ಸೈರನ್ ಕೂಗು. ಆ ಕೂಗಿನ ಮೇಲೆ ಇಡೀ ಊರು ನಡೆಯುತ್ತಿತ್ತು. ಮನೆಯಲ್ಲಿ ಗಡಿಯಾರ ಇಲ್ಲದವರೂ ಮಿಲ್ ಕೂಗಿತು ಅಂತ ಒಲೆ ಹಚ್ಚುತ್ತಿದ್ದರು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಗಿರಣಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದ್ದವು. ಈಗ ಡಿಸಿಎಂ (ದಾವಣಗೆರೆ ಕಾಟನ್ ಮಿಲ್) ಟೌನ್‌ಶಿಪ್‌ನಂಥ ಹೆಸರುಗಳಲ್ಲಿ ಮಾತ್ರ ಗಿರಣಿ ಉಳಿದಿದೆ.

ಹಳಬರು ಆ ಸೈರನ್ ನೆನೆದಾಗ ನಾವು ಅದನ್ನು ಭಾವುಕತೆ ಅಂತ ತಳ್ಳಿಹಾಕುತ್ತೇವೆ. ಸ್ವಲ್ಪ ಗಮನ ಕೊಟ್ಟು ಕೇಳಿದರೆ ಅವರು ತೀರಾ ಖಚಿತವಾದ ಒಂದು ವಿಷಯ ಹೇಳುತ್ತಿರುತ್ತಾರೆ. ಸೈರನ್ ಕೂಗಿದರೆ ಕೆಲಸ ಮುಗಿಯಿತು. ಯಂತ್ರವನ್ನು ಮುಂದಿನ ಪಾಳಿಯವನಿಗೆ ಒಪ್ಪಿಸಿ ಹೊರಗೆ ಬಂದರೆ, ಮರುದಿನದ ತನಕ ಮಾಲೀಕನಿಗೆ ಅವನ ಮೇಲೆ ಹಕ್ಕಿಲ್ಲ. ಚಹಾ ಅಂಗಡಿ, ಕಟ್ಟೆ, ಇಸ್ಪೀಟು, ಭಜನೆ, ಯೂನಿಯನ್ ಮೀಟಿಂಗು, ನಾಟಕ, ಎಲ್ಲ ಅದರ ಆಚೆಗೆ. ಈ ಅಂಚನ್ನು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಅದು ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳಲು ಕೆಂಪು ಬಾವುಟದ ಯೂನಿಯನ್ನುಗಳು ಇದ್ದವು. ಸಿಪಿಐನ ಪಂಪಾಪತಿ 1978ರಿಂದ ಶುರು ಮಾಡಿ ಮೂರು ಬಾರಿ ಇಲ್ಲಿಂದ ವಿಧಾನಸಭೆಗೆ ಗೆದ್ದು ಹೋದರು. ಈಗಿನ ದಾವಣಗೆರೆ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಈಗ ನೋಡಿ. ಬ್ಯಾಂಕಿನ ಗುಮಾಸ್ತನಿಗೆ ರಾತ್ರಿ ಒಂಬತ್ತಕ್ಕೆ ಟಾರ್ಗೆಟ್ಟಿನ ಮೆಸೇಜು. ಶಾಲೆ ಟೀಚರಿಗೆ ಭಾನುವಾರ ಆಪ್‌ನಲ್ಲಿ ಮಾಹಿತಿ ತುಂಬುವ ಕೆಲಸ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗಿಗೆ ಅಮೆರಿಕದ ಬೆಳಗು ಶುರುವಾದಾಗ ಮೀಟಿಂಗು. ಹೊತ್ತು ಮುಗಿಯಿತು ಅಂತ ಕೂಗುವವರು ಯಾರೂ ಇಲ್ಲ. ಅದರ ಮೇಲೆ 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಶುರುವಿನಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ನಮ್ಮ ವಿಧಾನಮಂಡಲವೂ ಹಿಂದೆ ಬೀಳಲಿಲ್ಲ. ಕಾರ್ಖಾನೆಗಳಲ್ಲಿ ವಾರದ ಮಿತಿ 48 ಗಂಟೆಯೇ ಇರಲಿ, ದಿನಕ್ಕೆ ಮಾತ್ರ 12 ಗಂಟೆಯವರೆಗೆ ದುಡಿಸಬಹುದು ಅಂತ 2023ರಲ್ಲೇ ತಿದ್ದುಪಡಿ ತಂದಿತು.

ಹೀಗಿರುವಾಗ ಜನ ಸೈರನ್ ಇದ್ದ ಕಾಲಕ್ಕೆ ಮನಸ್ಸಿನಲ್ಲೇ ಓಡಿಹೋದರೆ ಅದನ್ನು ದೌರ್ಬಲ್ಯ ಅನ್ನುವುದು ತಪ್ಪು. ಅದು ದೂರು. ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ವಾಟ್ಸಾಪಿಗೆ ಕೊಟ್ಟ ದೂರು.

ವಾಪಸ್ ಹೋಗುತ್ತೀರಾ ಅಂತ ಕೇಳಿದರೆ

ಆದರೆ ಆ ಕಾಲವನ್ನು ಪೂರ್ತಿಯಾಗಿ ಮರಳಿ ಕೇಳುವಂತಿಲ್ಲ. ಗಿರಣಿಯ ಒಳಗಿನ ಗಾಳಿಯಲ್ಲಿ ಹತ್ತಿಯ ಧೂಳು ತುಂಬಿರುತ್ತಿತ್ತು. ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ರಜೆ ಮುಗಿಸಿ ವಾರದ ಮೊದಲ ದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುವುದು ಅದರ ಗುರುತು. ಸೋಮವಾರದ ಸಂಕಟ ನಮಗೊಬ್ಬರಿಗೇ ಬಂದದ್ದಲ್ಲ ನೋಡಿ. ಅವರಿಗೆ ಅದು ಮಾತಲ್ಲ, ಕೆಮ್ಮು.

ಇನ್ನು ಮನೆಯ ಹೆಂಗಸರನ್ನು ಕೇಳಬೇಕು. ಹಳೆ ಕಾಲವೇ ಚೆಂದ ಅಂತ ಗಂಡಸರು ಜಗಲಿಯಲ್ಲಿ ಕೂತು ಹೇಳುವಾಗ ಒಳಗಿನಿಂದ ಬರುವ ಉತ್ತರ ಬೇರೆ. 'ಒರಳಲ್ಲಿ ರುಬ್ಬಿದ್ದು ಯಾರು, ಬಾವಿಯಿಂದ ಸೇದಿದ್ದು ಯಾರು, ಹೊಗೇಲಿ ಕಣ್ಣು ಕಳ್ಕೊಂಡಿದ್ದು ಯಾರು? ನಿಮಗೇನ್ರೀ, ಕೂತಲ್ಲಿಗೆ ರೊಟ್ಟಿ ಬರ್ತಿತ್ತು.' ನಮ್ಮ ಕಡೆಯ ಎಷ್ಟೋ ಅಜ್ಜಿಯರು ಗ್ಯಾಸ್ ಒಲೆ ಬಂದ ದಿನವನ್ನೇ ಹಬ್ಬದಂತೆ ನೆನೆಯುತ್ತಾರೆ. ಅವರ ನೆನಪಿನಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಅವರು ನೆನೆಯುವುದು ಒಟ್ಟಿಗೆ ಕೂತು ಹಪ್ಪಳ ಒತ್ತಿದ್ದನ್ನು, ಬೀಸುವಾಗ ಹಾಡಿದ್ದನ್ನು. ಕೆಲಸವನ್ನಲ್ಲ.

ಜಾತಿಯ ಲೆಕ್ಕವೂ ಇದೆ. 'ಊರೆಲ್ಲ ಒಂದೇ ಮನೆಯಂತಿತ್ತು' ಅನ್ನುವ ಮಾತನ್ನು ಯಾರು ಹೇಳುತ್ತಾರೆ ಅಂತ ಗಮನಿಸಿ. ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಚಹಾ ಕುಡಿದವರ ಮಕ್ಕಳು ಆ ಮಾತನ್ನು ಅಷ್ಟು ಸಲೀಸಾಗಿ ಆಡುವುದಿಲ್ಲ. ಯಾರ ಹಳೆ ಕಾಲ ಅನ್ನುವ ಪ್ರಶ್ನೆ ಕೇಳದೆ ಹಳೆ ಕಾಲವನ್ನು ಹೊಗಳಿದರೆ ಅದು ಸುಮ್ನೆ ಭಾವುಕತೆಯಾಗಿ ಉಳಿಯುವುದಿಲ್ಲ, ರಾಜಕೀಯವಾಗುತ್ತದೆ. ಚಿತ್ರದುರ್ಗದ ಕೋಟೆಯ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಹೋಯಿತು. ಆದರೆ ಜನರ ಮನಸ್ಸಿನಲ್ಲಿರುವ ಮದಕರಿ ನಾಯಕ, ಓಬವ್ವ, ಆ ಏಳು ಸುತ್ತುಗಳು ದಾಖಲೆಗಿಂತ ಹೆಚ್ಚಾಗಿ ಲಾವಣಿ, ಕಾದಂಬರಿ, ಸಿನಿಮಾಗಳಿಂದ ಬಂದವು. ತ.ರಾ.ಸು. ಬರೆಯದಿದ್ದರೆ ನಮ್ಮ ದುರ್ಗ ಬೇರೆಯೇ ಇರುತ್ತಿತ್ತು. ಅದರಲ್ಲಿ ತಪ್ಪಿಲ್ಲ. ನೆನಪಿನ ಅರ್ಧ ಕೆಲಸವನ್ನು ಕಲ್ಪನೆಯೇ ಮಾಡುತ್ತದೆ.

ತೋಟದ ಕನಸು

ಇದನ್ನು ಮಿದುಳಿನ ಮಟ್ಟದಲ್ಲೂ ನೋಡಿದ್ದಾರೆ. 2007ರಲ್ಲಿ ಲಂಡನ್‌ನಲ್ಲಿ ಡೆಮಿಸ್ ಹಸಾಬಿಸ್, ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಪೆಟ್ಟಾಗಿ ನೆನಪು ಕಳೆದುಕೊಂಡವರಿಗೆ ಒಂದು ಕೆಲಸ ಕೊಟ್ಟರು. ಮರಳ ತೀರದಲ್ಲಿ ಮಲಗಿದ್ದೀರಿ ಅಂತ ಕಲ್ಪಿಸಿಕೊಂಡು ಏನು ಕಾಣುತ್ತಿದೆ ಹೇಳಿ ಅಂದರು. ಹೆಚ್ಚಿನವರಿಗೆ ಚಿತ್ರ ಕೂಡಿಬರಲಿಲ್ಲ. ಚೂರುಚೂರು ಕಂಡಿತು, ಒಂದು ಜಾಗ ಅಂತ ಆಗಲಿಲ್ಲ. ಹಿಂದಿನದನ್ನು ನೆನೆಯುವುದೂ ಮುಂದಿನದನ್ನು ಕಟ್ಟಿಕೊಳ್ಳುವುದೂ ಬಹಳ ಮಟ್ಟಿಗೆ ಒಂದೇ ಯಂತ್ರದ ಕೆಲಸ ಅಂತ ಅದರಿಂದ ತಿಳಿಯಿತು. ಇದೇ ಹಸಾಬಿಸ್ ಮುಂದೆ ಎಐ ಕಡೆ ಹೋಗಿ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಹಾಗಾಗಿ ಹಳೆ ದಾವಣಗೆರೆ ನೆನೆಯುವವನೇ ಮರುಕ್ಷಣ 'ಕೆಲಸ ಬಿಟ್ಟು ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ ಮಾಡಿಬಿಡೋಣ' ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಷ್ಟು ಜನ ಹೀಗೆ ಮನಸ್ಸಿನಲ್ಲೇ ತೋಟ ಮಾಡಿಲ್ಲ! ಆ ತೋಟದಲ್ಲಿ ಬೋರ್‌ವೆಲ್ ಬತ್ತುವುದಿಲ್ಲ, ಅಡಿಕೆ ಕೊಯ್ಯಲು ಆಳು ಸಿಗುತ್ತಾರೆ, ಎಲೆಚುಕ್ಕಿ ರೋಗ ಬರುವುದಿಲ್ಲ. ಹೀಗೆ ಅಡ್ಡಿಗಳೇ ಇಲ್ಲದ ಕನಸು ಮನಸ್ಸಿಗೆ ಏನು ಮಾಡುತ್ತದೆ ಅಂತ ಗೇಬ್ರಿಯೆಲೆ ಒಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳಿಂದ ನೋಡಿದ್ದಾರೆ. ಓದು ಮುಗಿಸಿ ಕೆಲಸ ಹುಡುಕುವವರಲ್ಲಿ, ಒಳ್ಳೆ ಕೆಲಸ ಸಿಕ್ಕ ಹಾಗೆ ಜಾಸ್ತಿ ಕನಸು ಕಂಡವರು ಅರ್ಜಿ ಹಾಕಿದ್ದೇ ಕಡಿಮೆ, ಅವರಿಗೆ ಸಿಕ್ಕ ಕೆಲಸವೂ ಕಡಿಮೆ. ಸಿಕ್ಕೇಬಿಟ್ಟಿತು ಅನ್ನುವ ತೃಪ್ತಿ ಕನಸಿನಲ್ಲೇ ದೊರೆತು ಕಾಲಿನ ಕಸುವು ಇಳಿಯುತ್ತದೆ. ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಿದವರು ಮುಂದೆ ನಡೆಯುತ್ತಾರೆ, ಇಲ್ಲವೇ ಆಗದ್ದನ್ನು ಬೇಗ ಕೈಬಿಡುತ್ತಾರೆ ಅಂತ ಅವರ ಸಂಶೋಧನೆ ಹೇಳುತ್ತದೆ.

ನೆನಪು, ಕಲ್ಪನೆ ಎರಡೂ ಸೇರಿ ನಿಜಕ್ಕೂ ಏನಾದರೂ ಮಾಡಿದ್ದು ಉಂಟಾ? ಉಂಟು, ಅದೂ ಪಕ್ಕದ ಹಿರಿಯೂರಿನಲ್ಲೇ. ವೇದಾವತಿಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರ ಹೊತ್ತಿಗೆ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬೀಳಲೇ ಇಲ್ಲ. ಬರದ ಮೇಲೆ ಬರ. ಎರಡು ಮೂರು ತಲೆಮಾರು 'ಕೋಡಿ ಬಿದ್ದಿತ್ತಂತೆ' ಅನ್ನುವ ಕಥೆ ಕೇಳಿಕೊಂಡೇ ಬೆಳೆದವು. ಕಣ್ಣಾರೆ ಕಂಡವರು ಒಬ್ಬೊಬ್ಬರೇ ಹೋದರು, ಕಥೆ ಉಳಿಯಿತು. ಆದರೆ ಆ ಕಡೆಯವರು ಕಥೆ ಹೇಳಿ ಸುಮ್ನೆ ಮಲಗಲಿಲ್ಲ. ಭದ್ರೆಯ ನೀರು ಕೊಡಿ ಅಂತ ವರ್ಷಗಟ್ಟಲೆ ಬೀದಿಗಿಳಿದರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರು ಬಂತು, ಒಳ್ಳೆ ಮಳೆಯೂ ಕೂಡಿಬಂತು. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು. ನೋಡಲು ಜನ ಜಾತ್ರೆಯಂತೆ ಬಂದರು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ತಾತನ ನೆನಪನ್ನು ಮೊಮ್ಮಕ್ಕಳು ಬೇಡಿಕೆ ಮಾಡಿಕೊಂಡಿದ್ದರು. ಹಾಗೆ ಬೇಡಿಕೆಯಾಗುವ ನೆನಪಿಗೂ ಲೈಕು ಒತ್ತಿ ಮುಗಿಸುವ ನೆನಪಿಗೂ ಬಹಳ ಅಂತರ.

ಈ ಮಾತನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಾಕುವಂತಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಹಳೆಯದೊಂದೇ ಬದುಕು ಅನ್ನಿಸುತ್ತಿದೆ ಅನ್ನುವವರಿಗೆ ಹೋರಾಟದ ಮಾತು ಹೇಳಿ ಪ್ರಯೋಜನವಿಲ್ಲ. ಅಂಥವರಿಗೆ 14416 ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ, ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಮನೋವೈದ್ಯರೂ ಇದ್ದಾರೆ. ಯಾರಾದರೂ ನೋಡಿಬಿಟ್ಟರೆ ಅನ್ನುವ ಅಂಜಿಕೆಯೇ ಇನ್ನೂ ದೊಡ್ಡ ಅಡ್ಡಿ.

ಮಿಕ್ಕವರ ವಿಷಯಕ್ಕೆ ಬಂದರೆ, ಅವರ ದೂರು ಸಮಯದ ಬಗ್ಗೆ. ಸಮಯದ ದೂರಿಗೆ ಹಪ್ಪಳ, ಲಾಟೀನು, ಹಳೆ ಮಾದರಿಯ ಹೋಟೆಲು ಉತ್ತರವಾಗಲಾರವು. ಬೇರೆ ದೇಶಗಳಲ್ಲಿ ಸೈರನ್ನನ್ನು ಕಾನೂನಿನಲ್ಲಿ ಬರೆಯುತ್ತಿದ್ದಾರೆ. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಫೋನು, ಇಮೇಲುಗಳಿಂದ ದೂರ ಇರುವ ಹಕ್ಕನ್ನು ಫ್ರಾನ್ಸ್ 2017ರಿಂದ ಜಾರಿಗೆ ತಂದಿದೆ, ಆಸ್ಟ್ರೇಲಿಯಾ 2024ರಲ್ಲಿ ತಂದಿತು. ನಮ್ಮ ಲೋಕಸಭೆಯಲ್ಲೂ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆಪ್ ಮೂಲಕ ಡೆಲಿವರಿಯಂಥ ಕೆಲಸ ಮಾಡುವವರಿಗಾಗಿ ಕಾನೂನು ತಂದಿತು, ಒಳ್ಳೆಯದೇ. ಆದರೆ ಅದರ ಮುಖ್ಯ ಗಮನ ಸಾಮಾಜಿಕ ಭದ್ರತೆ, ಕಲ್ಯಾಣ ನಿಧಿಯ ಕಡೆಗೆ, ಕೆಲಸ ಮುಗಿಯುವ ಹೊತ್ತಿನ ಕಡೆಗಲ್ಲ.

ಫೋನಿನಿಂದ ದೂರ ಇರುವ ಹಕ್ಕಿನ ಕಾನೂನು ಬಂದರೂ ಆಫೀಸಿನವರಿಗೆ ಬರುತ್ತದೆ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತೇ ದುಡಿಯುವ ಹುಡುಗನಿಗೆ ತಲುಪಬೇಕಾದರೆ ಕೇಳುವ ಯೂನಿಯನ್ ಬೇಕು, ಈಗ ಅದು ಎಲ್ಲಿದೆ? ಕೋಚಿಂಗಿನ ಮಕ್ಕಳ ಹೊತ್ತನ್ನು ತೀರ್ಮಾನಿಸುವವರು ಅವರ ಅಪ್ಪ ಅಮ್ಮಂದಿರೇ. ಇನ್ನು ಬೆಳಿಗ್ಗೆ ಐದಕ್ಕೆ ಎದ್ದು ಟಿಫನ್ ಕಟ್ಟಿ, ಆಫೀಸಿಗೆ ಹೋಗಿ ಬಂದು, ರಾತ್ರಿ ಮತ್ತೆ ಒಲೆ ಮುಂದೆ ನಿಲ್ಲುವವಳ ಪಾಳಿ ಎಷ್ಟು ಗಂಟೆಗೆ ಮುಗಿಯಬೇಕು ಅಂತ ಗಿರಣಿಗಳು ಜೋರಾಗಿ ನಡೆದ ಕಾಲದಲ್ಲೂ ಯಾರೂ ಕೇಳಿರಲಿಲ್ಲ.